ಹಳೇ ಗೆಳೆಯರ ಥ್ರಿಲ್ಲರ್ ಬರೀಬೇಕಾ? ಹೀಗೆ ಶುರು ಮಾಡಿ

ಇಂಥ ಕಾದಂಬರಿಗೆ ಮೊದಲು ಬೇಕಾಗಿರುವುದು ಕೊಲೆಗಾರನಲ್ಲ, ಎರಡೂ ಕಡೆ ನ್ಯಾಯ ಇರುವಂಥ ಒಂದು ಜಗಳ. ಓದುಗರಲ್ಲಿ ಅರ್ಧ ಜನ ಒಬ್ಬ ಗೆಳೆಯನ ಪರ, ಉಳಿದವರು ಇನ್ನೊಬ್ಬನ ಪರ ನಿಲ್ಲಬೇಕು.

ಒಂದು ಕಥೆ ಕಟ್ಟಿ ನೋಡೋಣ. 2003ರ ಮಳೆಗಾಲ, ರಾತ್ರಿ. ಕಾಲೇಜಿನ ನಾಲ್ವರು ಗೆಳೆಯರು ಕೊಟ್ಟಿಗೆಹಾರದಲ್ಲಿ ಟೀ ಕುಡಿದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾರೆ. ಮಂಜಿನಲ್ಲಿ ಕಾರು ಒಬ್ಬನಿಗೆ ಗುದ್ದುತ್ತದೆ. ಒಬ್ಬ ಇಳಿದು ನಾಡಿ ಹಿಡಿದು ನೋಡಿ, "ಹೋಗ್ಬಿಟ್ಟಿದ್ದಾನೆ ಕಣ್ರೋ" ಅನ್ನುತ್ತಾನೆ. ಹೆದರಿಕೆಯಲ್ಲಿ ಎಲ್ಲ ಸೇರಿ ಹೆಣವನ್ನು ಕಣಿವೆಗೆ ತಳ್ಳುತ್ತಾರೆ. 2019ರ ಆಗಸ್ಟಿನಲ್ಲಿ ಅಲ್ಲಿ ನಿಜಕ್ಕೂ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ಆ ಮಣ್ಣು ತೆಗೆಯುವಾಗ ಮೂಳೆ ಸಿಕ್ಕವು ಅಂತ ಮೊದಲ ಅಧ್ಯಾಯ ಶುರು ಮಾಡಿ. ಮಗ ಎಲ್ಲೋ ಬದುಕಿದ್ದಾನೆ ಅಂತ ಕಾಯುತ್ತಿರುವ ತಾಯಿಯ ಫೋಟೋ ಪೇಪರಿನಲ್ಲಿ ಬರಲಿ.

ಇಲ್ಲಿ ಕಾನೂನು ಓದಿಕೊಳ್ಳಲೇಬೇಕು, ತುಂಬಾ ಜನ ಬಿಡುವುದು ಇದನ್ನೇ. ಅಜಾಗರೂಕತೆಯಿಂದ ಸಾವು ಅಂದರೆ ಆಗಿನ ಐಪಿಸಿ 304ಎ, ಹೆಚ್ಚೆಂದರೆ 2 ವರ್ಷ ಜೈಲು. ಅಂಥ ಕೇಸು ಕೈಗೆತ್ತಿಕೊಳ್ಳಲು ಕೋರ್ಟಿಗೆ ಆಗಿನ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) 468ರ ಪ್ರಕಾರ 3 ವರ್ಷದ ಗಡುವು ಇತ್ತು. ಅಪರಾಧ ನಡೆದದ್ದೋ ಮಾಡಿದವರು ಯಾರೆಂಬುದೋ ಗೊತ್ತಿಲ್ಲದಿದ್ದರೆ ಗೊತ್ತಾದ ದಿನದಿಂದ ಆ ಗಡುವು ಎಣಿಕೆಯಾಗುತ್ತಿತ್ತು, ತಡವಾಗಿದ್ದನ್ನು ಮನ್ನಿಸುವ ಅಧಿಕಾರವೂ ಕೋರ್ಟಿಗೆ ಇತ್ತು, ಆದರೂ ಗೆಳೆಯರಲ್ಲಿ ವಕೀಲನಾಗಿರುವವನು "ಏನೂ ಆಗಲ್ಲ, ಸುಮ್ನಿರಿ" ಅಂತ ಧೈರ್ಯವಾಗಿ ಹೇಳಬಹುದು. ಹೇಳಲಿ! ಅವನ ಮಾತು ನಂಬಿದವರಿಗೆ ಜೈಲಿನ ಹೆದರಿಕೆ ಹೋಯಿತು. ಹಾಗಾದರೆ ಆ ತಾಯಿಗೆ ನಿಜ ಹೇಳಲು ಏನಡ್ಡಿ? ಕಾದಂಬರಿ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಒಬ್ಬನಿಗೆ ತಂಗಿಯ ಮದುವೆ, ಇನ್ನೊಬ್ಬನಿಗೆ ಪ್ರಮೋಷನ್, ಮತ್ತೊಬ್ಬನಿಗೆ ಹೆಂಡತಿ ಮುಂದೆ ಮುಖ ತೋರಿಸುವುದು ಹೇಗೆ ಅನ್ನುವ ಚಿಂತೆ, ಯಾವುದೂ ಸುಳ್ಳು ಕಾರಣ ಅಲ್ಲ.

ಕಥೆ ಅರ್ಧ ದಾಟಿದ ಮೇಲೆ ಗುಟ್ಟು ಬಿಚ್ಚಿ: ನಾಡಿ ಹಿಡಿದಾಗ ಆ ಮನುಷ್ಯ ಸತ್ತಿರಲಿಲ್ಲ, ನೋಡಿದವನಿಗೆ ಅದು ಗೊತ್ತಿತ್ತು. ಅವನ ಮಟ್ಟಿಗೆ ಈಗ ಇದು ಕೊಲೆ, ಇದಕ್ಕೆ ಯಾವ ಗಡುವೂ ಇಲ್ಲ. ಮೂವರು ಮೋಸ ಹೋಗಿದ್ದಾರೆ, ಆದರೆ ತಳ್ಳಿದ್ದು ಅವರ ಕೈಗಳೇ. ಗುಟ್ಟನ್ನು ಕೊನೇ ಪುಟದವರೆಗೆ ಬಚ್ಚಿಡಬೇಡಿ, ಇದಾದ ಮೇಲೆ ಅವರೇನು ಮಾಡುತ್ತಾರೆ ಅನ್ನುವುದಕ್ಕೆ ಜಾಗ ಬೇಕಲ್ವಾ.

ಮಾತಿನ ಬಗ್ಗೆ ಒಂದು ವಿಷಯ. ಹಳೇ ಗೆಳೆಯರು "ನೆನಪಿದೆಯಾ, ಆ ರಾತ್ರಿ ನಾವು..." ಅಂತ ಓದುಗರಿಗೋಸ್ಕರ ವಿವರಿಸುತ್ತಾ ಕೂರುವುದಿಲ್ಲ, ಅರ್ಧ ಮಾತಿಗೇ ಅವರಿಗೆ ಎಲ್ಲ ಗೊತ್ತಾಗುತ್ತದೆ. "ಲೋ", "ಮಗಾ" ಅಂತಿದ್ದವನು ಒಂದು ದಿನ ಪೂರ್ತಿ ಹೆಸರು ಹಿಡಿದು "ನೀವು" ಅಂದರೆ ಸಾಕು, ಸ್ನೇಹ ಮುರಿದಿದ್ದು ಆ ಒಂದೇ ಸಾಲಿನಲ್ಲಿ ಬಂದುಬಿಡುತ್ತದೆ. 2003ರಲ್ಲಿ ವಾಟ್ಸಾಪ್ ಇರಲಿಲ್ಲ ಅನ್ನುವುದನ್ನೂ ಮರೆಯಬೇಡಿ. ಸಾಕ್ಷಿ ಬೇಕಾದರೆ ತೊಳೆಸದೆ ಉಳಿದ ಕ್ಯಾಮೆರಾ ರೀಲು ಇದೆ.

ಕೊನೆಗೆ ಇನ್ಸ್‌ಪೆಕ್ಟರ್ ಬಂದು ಎಲ್ಲ ಬಿಡಿಸುವುದು ಬೇಡ, ತಪ್ಪಿತಸ್ಥ ಅಪಘಾತದಲ್ಲಿ ಸಾಯುವುದಂತೂ ಬೇಡವೇ ಬೇಡ. ನಾಲ್ವರಲ್ಲೇ ಒಬ್ಬ ಆ ತಾಯಿಯ ಮನೆಗೆ ಹೋಗಬೇಕು. ಹೇಳುತ್ತಾನೋ, ಹೇಳದೆ ವಾಪಸ್ ಬರುತ್ತಾನೋ, ಅದು ನೀವು ಅವನನ್ನು ಮೊದಲಿನಿಂದ ಹೇಗೆ ಬರೆದಿದ್ದೀರಿ ಅನ್ನುವುದರ ಮೇಲಿದೆ.