ಬೇಸಿಗೆಯಲ್ಲಿ ಹವಳದ ತೊಟ್ಟಿಗೆ ಒಂದು ಸಣ್ಣ ಫ್ಯಾನ್

ಮನೆಯಲ್ಲಿ ಮೆದು ಹವಳ ಬೆಳೆಸುವವರು (ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ, ಅಂಗಡಿಯವರು ಕೊಟ್ಟರೂ ಕೊಳ್ಳಬಾರದು) ಬೇಸಿಗೆಯಲ್ಲಿ ತೊಟ್ಟಿಯ ಗಾಜಿನ ಮುಚ್ಚಳವನ್ನು ತೆಗೆದು, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ಉಷ್ಣತೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾಗುವ ನೀರು ತನ್ನೊಂದಿಗೆ ಶಾಖವನ್ನೂ ಒಯ್ಯುವುದರಿಂದ ರಾಯಚೂರಿನ ಏಪ್ರಿಲ್, ಮೇ ತಿಂಗಳ ಒಣಹವೆ ಈ ಒಂದು ಕೆಲಸಕ್ಕಾದರೂ ಅನುಕೂಲವೇ. ಕರಾವಳಿಯ ತೇವದಲ್ಲಿ ಇದು ಅಷ್ಟು ಫಲಿಸದು. ನೀರು ಬಿಸಿಯಾದಷ್ಟೂ ಹವಳವು ತನಗೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಗಳನ್ನು ಅಂಗಾಂಶದಿಂದ ಹೊರಹಾಕಿ ಬಿಳಿಚಿಕೊಳ್ಳುವುದರಿಂದ, 25ರಿಂದ 27 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳುವುದು ಕ್ಷೇಮ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಕಡಿಮೆಯಾದಷ್ಟನ್ನು ದಿನವೂ ಉಪ್ಪು ಬೆರೆಸದ ಆರ್‌ಒ ನೀರಿನಿಂದಲೇ ತುಂಬಿ, ಲವಣಾಂಶವನ್ನು ಲೀಟರಿಗೆ ಸುಮಾರು 35 ಗ್ರಾಂನಲ್ಲಿ ಇಡಬೇಕು. ಬೋರ್‌ವೆಲ್ ನೀರು ಬೇಡವೇ ಬೇಡ. ಮಳೆಗಾಲದ ತೇವದ ದಿನಗಳಲ್ಲಿಯೂ ಕಿಟಕಿ ಮುಚ್ಚಿದ ಕೋಣೆಯಲ್ಲಿಯೂ ಈ ಉಪಾಯ ಕೈಕೊಡುತ್ತದೆ; ವಿದ್ಯುತ್ ಹೋಗುವ ಊರಿನಲ್ಲಿ ಫ್ಯಾನನ್ನು ಇನ್ವರ್ಟರ್‌ಗೆ ಜೋಡಿಸದಿದ್ದರೆ ಇಟ್ಟೂ ಪ್ರಯೋಜನವಿಲ್ಲ, ಕೋಣೆಯೇ ಹಗಲಿಡೀ ಕಾದಿದ್ದರೆ ಚಿಲ್ಲರ್ (ತೊಟ್ಟಿಯ ನೀರನ್ನು ತಂಪಾಗಿಸುವ ಯಂತ್ರ) ಹಾಕಿಸದೆ ಗತಿಯಿಲ್ಲ.