ಮಾತ್ರೆ ಇಬ್ಬರಿಗೂ, ಏಳು ದಿನದ ಲೆಕ್ಕ ಒಂದೇ

ಮೂತ್ರ ಮಾಡುವಾಗ ಉರಿ, ಕೀವು, ವಾಸನೆ ಬರುವ ಬಿಳಿಸೆರಗು, ಜನನಾಂಗದ ಮೇಲೆ ಹುಣ್ಣು: ನಮ್ಮ ಕರಾವಳಿಯಲ್ಲಿ ಇವಕ್ಕೆಲ್ಲ ಮೊದಲು ಇಡುವ ಹೆಸರು ‘ಉಷ್ಣ’. ಮುರುಗಲು ಪಾನಕ, ಎಳನೀರು ಕುಡಿಯುತ್ತ ಎರಡು ವಾರ ಕಳೆಯುತ್ತದೆ. ಪಾನಕದಿಂದ ತೊಂದರೆಯಿಲ್ಲ, ಕಳೆದುಹೋದ ಎರಡು ವಾರದಿಂದ ಇದೆ. ಸಂಭೋಗದಿಂದ ಹರಡುವ ಸಿಫಿಲಿಸ್‌ನ ಹುಣ್ಣು ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ರೋಗ ಮಾತ್ರ ರಕ್ತದಲ್ಲೇ ಉಳಿಯುತ್ತದೆ. ಪಾನಕಕ್ಕೆ ಹೆಸರು ಬರುವುದು ಹೀಗೆ.

ಗೊನೊರಿಯಾ, ಕ್ಲಮೈಡಿಯಾ, ಟ್ರೈಕೊಮೊನಾಸ್, ಸಿಫಿಲಿಸ್ ಎಂಬ ಲೈಂಗಿಕ ಸೋಂಕುಗಳಿದ್ದಾಗ ಒಬ್ಬರಿಗೆ ಮಾತ್ರ ಔಷಧ ಕೊಟ್ಟರೆ ಅರ್ಧ ಚಿಕಿತ್ಸೆಯಾದಂತೆ. ಟ್ರೈಕೊಮೊನಾಸ್ ಇರುವ ಬಹುಪಾಲು ಗಂಡಸರಿಗೆ ಏನೂ ಗೊತ್ತಾಗುವುದಿಲ್ಲ. ಹೆಂಡತಿ ಮಾತ್ರೆ ತಿಂದು ಗುಣವಾಗುತ್ತಾಳೆ, ಮುಂದಿನ ತಿಂಗಳು ಅದೇ ಸೋಂಕು ಗಂಡನಿಂದ ವಾಪಸ್ ಬರುತ್ತದೆ. ಆಗ ಬೈಗುಳ ಮಾತ್ರೆಗೆ. ಗೊನೊರಿಯಾ, ಕ್ಲಮೈಡಿಯಾ ಆದರೆ ಹಿಂದಿನ 60 ದಿನಗಳ ಸಂಗಾತಿಗಳೆಲ್ಲರಿಗೂ ಚಿಕಿತ್ಸೆ ಬೇಕು. ಕ್ಯಾಂಡಿಡಾ ಎಂಬ ಶಿಲೀಂಧ್ರದ ತುರಿಕೆಗೆ ಈ ನಿಯಮವಿಲ್ಲ. ಗಂಡನಿಗೂ ತುರಿಕೆ, ಕೆಂಪು ಇದ್ದರಷ್ಟೇ ಅವನಿಗೆ ಔಷಧ.

ಏಳು ದಿನದ ಲೆಕ್ಕದಲ್ಲೇ ಹೆಚ್ಚಿನವರು ತಪ್ಪುವುದು. ಒಂದೇ ಡೋಸ್‌ನ ಔಷಧವಾದರೆ ತೆಗೆದುಕೊಂಡ ಮೇಲೆ 7 ದಿನ, ವಾರದ ಕೋರ್ಸ್ ಆದರೆ ಅದು ಮುಗಿಯುವವರೆಗೆ ಸಂಭೋಗ ಬೇಡ. ಲೆಕ್ಕ ಶುರುವಾಗುವುದು ಕೊನೆಗೆ ಔಷಧ ತೆಗೆದುಕೊಂಡವರಿಂದ. ಹೆಂಡತಿ ಸೋಮವಾರ ಡೋಸ್ ತೆಗೆದುಕೊಂಡಳು, ಬೋಟಿಗೆ ಹೋದ ಗಂಡ ಶುಕ್ರವಾರ ದಡಕ್ಕೆ ಬಂದು ತನ್ನ ಡೋಸ್ ತಿಂದ ಎಂದುಕೊಳ್ಳಿ. ಇಬ್ಬರಿಗೂ ಗಡುವು ಮುಂದಿನ ಶುಕ್ರವಾರ. ಅವಳ ಏಳು ದಿನ ಸೋಮವಾರವೇ ಮುಗಿದಿದ್ದು ಲೆಕ್ಕಕ್ಕಿಲ್ಲ. ಗೋವಾದಲ್ಲೋ ಗಲ್ಫಿನಲ್ಲೋ ಇರುವವರಿಗೂ ಇದೇ ಮಾತು. ಅಲ್ಲೇ ಚಿಕಿತ್ಸೆ ಮುಗಿಸಿ ಬರಲಿ, ಇಲ್ಲವೇ ಊರಿಗೆ ಬಂದ ದಿನವೇ ತೋರಿಸಲಿ.

ಒಬ್ಬರ ಮಾತ್ರೆಯನ್ನು ಇಬ್ಬರು ಹಂಚಿಕೊಳ್ಳಬೇಡಿ. ಅಜಿಥ್ರೊಮೈಸಿನ್ 1 ಗ್ರಾಂ ಎಂದರೆ 500ರ ಎರಡು ಮಾತ್ರೆ, ಒಬ್ಬರೇ, ಒಟ್ಟಿಗೆ ತಿನ್ನಬೇಕಾದದ್ದು. ಅವಳಿಗೊಂದು ಅವನಿಗೊಂದು ಮಾಡಿದರೆ ಇಬ್ಬರಿಗೂ ಅರ್ಧ ಡೋಸ್, ರೋಗಾಣುವಿಗೆ ಔಷಧದ ಪರಿಚಯವಾದಂತೆ ಅಷ್ಟೇ. ತಿಂದ ಒಂದು ಗಂಟೆಯೊಳಗೆ ವಾಂತಿಯಾದರೆ ಕೊಟ್ಟವರಿಗೆ ತಿಳಿಸಿ, ಡೋಸ್ ಮತ್ತೆ ಬೇಕಾಗಬಹುದು. ಮೆಡಿಕಲ್‌ನಲ್ಲಿ ಕೇಳಿ ಸಿಪ್ರೊಫ್ಲಾಕ್ಸಾಸಿನ್ ತರುವ ರೂಢಿಯನ್ನೂ ಬಿಡಿ. ಗೊನೊರಿಯಾ ಅದಕ್ಕೆ ಬಗ್ಗುವ ಕಾಲ ಹೋಯಿತು.

ಕ್ಲಮೈಡಿಯಾಕ್ಕೆ ಕೊಡುವ ಡಾಕ್ಸಿಸೈಕ್ಲಿನ್‌ಗೆ ಶಿಸ್ತು ಹೆಚ್ಚು ಬೇಕು. ಸಾಮಾನ್ಯವಾಗಿ 100 ಮಿ.ಗ್ರಾಂ, ದಿನಕ್ಕೆರಡು, 7 ದಿನ. ದೊಡ್ಡ ಲೋಟದ ತುಂಬ ನೀರಿನೊಂದಿಗೆ ನುಂಗಿ ಅರ್ಧ ಗಂಟೆಯಾದರೂ ಕುಳಿತೋ ನಿಂತೋ ಇರಬೇಕು. ಹಾಸಿಗೆಯ ಮೇಲೆ ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಮಾತ್ರೆ ಅನ್ನನಾಳಕ್ಕೆ ಅಂಟಿ ಅಲ್ಲೇ ಹುಣ್ಣು ಮಾಡುತ್ತದೆ, ಮರುದಿನ ಎಂಜಲು ನುಂಗಲೂ ಕಷ್ಟ. ಹಾಲು, ಮಜ್ಜಿಗೆ, ಕಬ್ಬಿಣದ ಮಾತ್ರೆ, ಗ್ಯಾಸಿನ ಮಾತ್ರೆ ಇದನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತವೆ, ಎರಡು ಗಂಟೆ ಅಂತರವಿರಲಿ. ಶಿರಸಿ ಕಡೆ ಊಟದಲ್ಲಿ ತಂಬುಳಿ ಇದ್ದೇ ಇರುತ್ತದಲ್ಲ, ಅದೂ ಮಜ್ಜಿಗೆಯದ್ದೇ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ: ಅಡಿಕೆ ಹರಡುವವರು, ಮೀನು ಒಣಗಿಸುವವರು ತೋಳು ಮುಚ್ಚುವ ಅಂಗಿ ಹಾಕಲಿ. ಬಸುರಿಯರಿಗೆ ಈ ಮಾತ್ರೆ ಬೇಡ.

ಟ್ರೈಕೊಮೊನಾಸ್‌ಗೆ ಕೊಡುವ ಮೆಟ್ರೊನಿಡಜೋಲ್, ಟಿನಿಡಜೋಲ್ ತಿನ್ನುವಾಗ ಬಾಯಿಗೆ ಕಬ್ಬಿಣದ ರುಚಿ ಬರುವುದು ಸಹಜ, ಅದಕ್ಕೆ ಹೆದರಿ ಅರ್ಧಕ್ಕೆ ಬಿಡಬೇಡಿ. ಕೋರ್ಸ್ ನಡೆಯುವಾಗ ಮತ್ತು ಮುಗಿದ ಮೇಲೆ 3 ದಿನ ಫೆನ್ನಿ, ಬಿಯರ್ ಯಾವುದೂ ಬೇಡ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಿನ್ನುವವರು ಮೊದಲೇ ಹೇಳಬೇಕು, ಮೆಟ್ರೊನಿಡಜೋಲ್ ಮತ್ತು ಶಿಲೀಂಧ್ರದ ಔಷಧ ಫ್ಲುಕೊನಜೋಲ್ ಎರಡೂ ಅದರ ಪರಿಣಾಮ ಹೆಚ್ಚಿಸಿ ರಕ್ತಸ್ರಾವ ತರಬಲ್ಲವು.

ಸಿಫಿಲಿಸ್‌ನ ಆರಂಭದ ಹಂತಕ್ಕೆ ಬೆಂಜಥಿನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಸೊಂಟದ ಕೆಳಗೆ ಚುಚ್ಚುತ್ತಾರೆ. ಹಿಂದೆ ಪೆನಿಸಿಲಿನ್ ಅಲರ್ಜಿ ಆಗಿದ್ದರೆ ಸೂಜಿಗೆ ಮುಂಚೆಯೇ ಹೇಳಿ. ಅದೇ ದಿನ ಜ್ವರ, ಮೈಕೈ ನೋವು ಬರಬಹುದು. ಅದು ರೋಗಾಣು ಸಾಯುವ ಗದ್ದಲ, ಒಂದು ದಿನದಲ್ಲಿ ಇಳಿಯುತ್ತದೆ. ಉಸಿರು ಕಟ್ಟುವುದು, ಮುಖ ಊದುವುದು ಬೇರೆ, ಆಗ ಮನೆಗೆ ಹೋಗದೆ ಅಲ್ಲೇ ಕೂಗಿ ಹೇಳಿ.

ಕಾಂಡೋಮ್ ಬಳಸುವವರು ತೆಂಗಿನೆಣ್ಣೆ ದೂರವಿಡಿ. ಎಣ್ಣೆ ತಾಗಿದ ಲ್ಯಾಟೆಕ್ಸ್ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಂಡು ಹರಿಯುತ್ತದೆ. ಕ್ಯಾಂಡಿಡಾಕ್ಕೆ ಯೋನಿಯೊಳಗೆ ಇಡುವ ಕ್ಲೊಟ್ರಿಮಜೋಲ್ ಮಾತ್ರೆ, ಕ್ರೀಮ್‌ನಿಂದಲೂ ಹೀಗಾಗಬಹುದು, ಆ ದಿನಗಳಲ್ಲಿ ಕಾಂಡೋಮ್ ನಂಬಬೇಡಿ.

ಮಳೆಗಾಲದಲ್ಲಿ ಬಟ್ಟೆ ಒಣಗದೆ ತೊಡೆಸಂದಿಗೆ ಹುಳಕಡ್ಡಿ ಬರುತ್ತದೆ, ಸಂಗಾತಿಗೂ ದಾಟುತ್ತದೆ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್ ಅಥವಾ ಕ್ಲೊಬೆಟಾಸಾಲ್ ಎಂದಿದ್ದರೆ ಕೆಳಗಿಡಿ. ಮೂರೇ ದಿನಕ್ಕೆ ತುರಿಕೆ ನಿಲ್ಲಿಸುವ ಆ ಸ್ಟಿರಾಯ್ಡ್ ಶಿಲೀಂಧ್ರವನ್ನು ಚರ್ಮದಲ್ಲಿ ಹರಡಲು ಬಿಡುತ್ತದೆ. ಹುಳಕಡ್ಡಿಗೆ ಗ್ರಿಸಿಯೊಫಲ್ವಿನ್ ತಿನ್ನುವ ಗಂಡಸು ಬಿಟ್ಟ ಮೇಲೂ 6 ತಿಂಗಳು ಮಗುವಿಗೆ ಕಾರಣನಾಗಬಾರದು, ಹೆಂಡತಿಗೆ ಇದು ಗೊತ್ತಿರಲೇಬೇಕು. ಟಿಬಿಗೆ ರಿಫಾಂಪಿಸಿನ್ ತಿನ್ನುವ ಹೆಂಗಸಿಗೆ ಗರ್ಭನಿರೋಧಕ ಮಾತ್ರೆ ಕೆಲಸ ಮಾಡುವುದಿಲ್ಲ. ಕಜ್ಜಿಯಾದರೆ ಪರ್ಮೆಥ್ರಿನ್ 5% ಕ್ರೀಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ ಕತ್ತಿನಿಂದ ಕಾಲ್ಬೆರಳವರೆಗೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯಿರಿ, ವಾರ ಬಿಟ್ಟು ಮತ್ತೊಮ್ಮೆ.

ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆ, ಬಣ್ಣದ ಕಿಟ್‌ನಲ್ಲಿ ಬರುವ ಔಷಧ ಎರಡೂ ಉಚಿತ. ಸಂಗಾತಿಗೂ ಅಲ್ಲೇ ಕೇಳಿ. ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆಯನ್ನೂ ಆಗಲೇ ಮಾಡಿಸಿ. ಹೋಗಲು ಮುಜುಗರವಾದರೆ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹೆಸರೂ ಹೇಳಬೇಕಿಲ್ಲ. ಗೊನೊರಿಯಾ, ಕ್ಲಮೈಡಿಯಾ ಆಗಿದ್ದವರು 3 ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಬೇಕು, ಸಿಫಿಲಿಸ್ ಆದವರಿಗೆ 6 ಮತ್ತು 12 ತಿಂಗಳಿಗೆ ರಕ್ತಪರೀಕ್ಷೆ. ಖಾಲಿ ಸ್ಟ್ರಿಪ್, ಹಳೆ ಚೀಟಿ ಎರಡನ್ನೂ ಬಿಸಾಡದೆ ಅಂದು ಕೈಯಲ್ಲಿ ಹಿಡಿದು ಹೋಗಿ.