ಬಂಡೆ ಹತ್ತಿದ ಡ್ರಿಲ್ ಮಿಷನ್

"ಡ್ರಿಲ್ ಮಿಷನ್ ಇರೋದು ತೂತು ಕೊರೆಯೋಕೆ ಮಾರಾಯ, ಗಾಡಿ ಓಡ್ಸೋಕಲ್ಲ." ಈ ಮಾತನ್ನು ಎರಡು ವರ್ಷ ಕೇಳಿಸಿಕೊಂಡಿದ್ದೇನೆ. ಹೇಳಿದವನು ಬೆಂಗಳೂರಿನ ಗೆಳೆಯ, 45 ಸಾವಿರದ ರೆಡಿಮೇಡ್ ಕ್ರಾಲರ್ (ರಿಮೋಟಿನಲ್ಲಿ ಬಂಡೆ ಹತ್ತಿಸುವ ಪುಟ್ಟ ಗಾಡಿ) ಇಟ್ಟುಕೊಂಡವನು. ಕಳೆದ ಜನವರಿಯಲ್ಲಿ, ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾ ಶುರುವಾಗುವ ಹೊತ್ತಿಗೆ, ಅವನು ಮೂಡಿಗೆರೆಗೆ ಬಂದಿದ್ದ. ಭಾವನ ತೋಟದ ಹಿಂದಿನ ಬಂಡೆಯ ಮೇಲೆ ಅವನ ಗಾಡಿ ಮೂರು ಸಲ ಅಂಗಾತ ಬಿತ್ತು. ಡ್ರಿಲ್ ಮೋಟರ್ ಹಾಕಿ ನಾನೇ ಕಟ್ಟಿದ ನನ್ನದು ಹತ್ತಿತು. ಎರಡು ಸಲ ಹತ್ತಿತು, ಎರಡನೇ ಸಲ ಅವನೇ ರಿಮೋಟ್ ಹಿಡಿದಿದ್ದ. ಹಾಗಾಗಿ ಬರೆಯುತ್ತಿದ್ದೇನೆ.

ಲಿಂಕ್ (ಆಕ್ಸಲ್ಲನ್ನು ಗಾಡಿಗೆ ಹಿಡಿಯುವ ಸರಳು) ಎಲ್ಲಿ ಕೂರಬೇಕು, ಡಿಫ್ (ಎಡಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಯಾಕೆ ಲಾಕ್ ಮಾಡಬೇಕು ಎಂದೆಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ. ಕ್ರಾಲರ್ ಕಟ್ಟುವವರಿಗೆ ಅದು ಗೊತ್ತಿರುವುದೇ.

ನನ್ನ ಕೆಲಸ ಕಳೆ ಹೊಡೆಯುವ ಮಿಷನ್, ಸ್ಪ್ರೇಯರ್ ರಿಪೇರಿ. ಅಂಗಡಿಯಲ್ಲಿ ಸ್ಕ್ರೂ, ಸ್ಪ್ರಿಂಗ್, ವೈರಿಗೆ ಬರವಿಲ್ಲ. ಅದಕ್ಕೇ ಮೊದಮೊದಲು ಗಾಡಿಗೂ ದುಡ್ಡೇ ಬೇಡ ಅಂದುಕೊಂಡಿದ್ದೆ. ಆ ಭ್ರಮೆಯಲ್ಲಿ ಮೊದಲು ಮಾಡಿದ್ದು ಡಬ್ಲ್ಯುಪಿಎಲ್ ಕಂಪನಿಯ ಒಂದು ಹಳೇ ರಿಮೋಟ್ ಗಾಡಿಗೆ 540 ಸೈಜಿನ ಮೋಟರ್ ಹಾಕಿದ್ದು. ಪ್ಲಾಸ್ಟಿಕ್ ಗೇರು, ಅದರ ಮೇಲೆ ಅಷ್ಟು ದೊಡ್ಡ ಮೋಟರ್. ಹತ್ತು ನಿಮಿಷ ಓಡಿತೋ ಇಲ್ಲವೋ. ಕಲ್ಲಿಗೆ ಮುಂದಿನ ಚಕ್ರ ಸಿಕ್ಕಿತು, ಒಳಗೆ ಕರ್ ಅಂದಿತು, ಆಕ್ಸಲ್ ಬಿಚ್ಚಿದರೆ ಹಲ್ಲುಗಳೆಲ್ಲ ತುರಿದ ಕೊಬ್ಬರಿ. 2,400 ರೂಪಾಯಿ ಅಲ್ಲಿಗೆ ನೀರಿಗೆ ಬಿತ್ತು.

ಆಮೇಲೆ ತಲೆಗೆ ಬಂದಿದ್ದು ಡ್ರಿಲ್. ಚಿಕ್ಕಮಗಳೂರಿನ ಗುಜರಿ ಅಂಗಡಿಯೊಂದರಲ್ಲಿ 12 ವೋಲ್ಟಿನ ಕಾರ್ಡ್‌ಲೆಸ್ ಡ್ರಿಲ್ ಬಿದ್ದಿತ್ತು. ಬ್ಯಾಟರಿ ಸತ್ತಿದೆ, ಸ್ವಿಚ್ ಕರಗಿದೆ, ಮೋಟರ್ ಮತ್ತು ಗೇರ್‌ಬಾಕ್ಸ್ ಸರಿಯಾಗಿದೆ. 400 ಕೊಟ್ಟೆ. ಲೇಬಲ್ ಮೇಲೆ 550 ಆರ್‌ಪಿಎಂ ಎಂದಿತ್ತು. ಆಕ್ಸಲ್‌ನಲ್ಲಿ ಮತ್ತೆ ಮೂರರಷ್ಟು ಇಳಿಯುತ್ತದೆ, ಚಕ್ರ 11 ಸೆಂಟಿಮೀಟರಿನದು. ಬಾಯಲ್ಲೇ ಲೆಕ್ಕ ಹಾಕಿದೆ: ಗಂಟೆಗೆ ಮೂರೂವರೆ, ನಾಲ್ಕು ಕಿಲೋಮೀಟರ್. ಮನುಷ್ಯ ನಡೆಯುವುದಕ್ಕಿಂತ ಒಂಚೂರು ನಿಧಾನ. ಕ್ರಾಲರಿಗೆ ಇನ್ನೇನು ಬೇಕು? ಒಳಗಿರುವುದು ಲೋಹದ ಪ್ಲಾನೆಟರಿ ಗೇರು. ಗೋಡೆ ಕೊರೆಯುವಾಗ ತಿನ್ನುವ ಏಟನ್ನು ನಮ್ಮ ಗಾಡಿ ಜನ್ಮದಲ್ಲಿ ಕೊಡುವುದಿಲ್ಲ.

ತೊಂದರೆ ಇರುವುದು ಹೊರಗಡೆ. ಡ್ರಿಲ್ ತಿರುಗಿಸುವುದು ಒಂದೇ ತುದಿಯನ್ನು, ನಮಗೆ ಬೇಕಾಗಿದ್ದು ಮುಂದಕ್ಕೊಂದು, ಹಿಂದಕ್ಕೊಂದು. ಕೆಳಗೆ ಉದ್ದ ಶಾಫ್ಟ್ ಹಾಕಿ ಎರಡು ಸಮ ಗೇರುಗಳಲ್ಲಿ ಶಕ್ತಿ ಇಳಿಸಬೇಕು. ಮೊದಲು 1 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ), 20 ಹಲ್ಲಿನ ಸ್ಟೀಲ್ ಗೇರು ಎರಡು ತರಿಸಿದೆ. 500 ರೂಪಾಯಿ ಚಿಲ್ಲರೆ. ಬಂದ ಮೇಲೆ ಶಾಫ್ಟಿಗೆ ಹಾಕಬೇಕಿದ್ದ 608 ಬೇರಿಂಗನ್ನು ಪಕ್ಕದಲ್ಲಿಟ್ಟು ನೋಡಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಗೇರುಗಳು ಕಚ್ಚಿಕೊಂಡರೆ ಶಾಫ್ಟ್‌ಗಳ ನಡುವೆ 20 ಮಿಲಿಮೀಟರ್. ಬೇರಿಂಗಿನ ಹೊರಮೈಯೇ 22. ಎರಡು ಬೇರಿಂಗ್ ಒಂದರ ಹೊಟ್ಟೆಯಲ್ಲಿ ಒಂದು ಕೂರಬೇಕಿತ್ತು. ಮತ್ತೆ 30 ಹಲ್ಲಿನ ಜೋಡಿ ತರಿಸಿದೆ, 560 ಇರಬೇಕು. ಆ 20ರ ಜೋಡಿ ಈಗಲೂ ಗಲ್ಲಾ ಪೆಟ್ಟಿಗೆಯಲ್ಲಿ ರಸೀದಿ ಹಾರದಂತೆ ಕೂತಿದೆ.

ಇನ್ನು ಚಕ್ (ಡ್ರಿಲ್ ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ) ಬಿಚ್ಚಿದ ಜಾಗ. ಇಲ್ಲಿ ನನ್ನ ಒಂದು ತಿಂಗಳು ಹೋಯಿತು, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಡ್ರಿಲ್ಲಿನ ಮೂತಿಯಲ್ಲಿರುವ ಥ್ರೆಡ್ 3/8 ಇಂಚು, ಇಂಚಿಗೆ 24 ಸುತ್ತು. ಸೈಕಲ್ಲಿನ ಹಿಂದಿನ ಆಕ್ಸಲ್ ನಟ್ಟೂ 3/8. "ಬಂತಲ್ಲ ಕೈಗೆ" ಎಂದು ಒಂದು ನಟ್ ತಿರುಗಿಸಿದೆ. ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೆಯದರಲ್ಲಿ ಕಚ್ಚಿಕೊಂಡಿತು. ಸೈಕಲ್ಲಿನದು 26 ಸುತ್ತು. ಪಾನಾ ಹಾಕಿ ಬಿಗಿ ಮಾಡಿದ್ದರೆ ಮೂತಿಯೇ ಹಾಳಾಗುತ್ತಿತ್ತು. ಕೊನೆಗೆ ಹಾಸನದ ಲೇತ್‌ನವರೊಬ್ಬರು ಆ ಮೂತಿಗೆ ಗೇರು ಕೂರಿಸುವ ಒಂದು ಹಬ್ ತಿರುಗಿಸಿಕೊಟ್ಟರು. ಖುಷಿಯಿಂದ ಜೋಡಿಸಿ ಓಡಿಸಿದೆ. ಮುಂದಕ್ಕೆ ಚೆನ್ನಾಗಿ ಹೋಯಿತು. ರಿವರ್ಸ್ ಕೊಟ್ಟೆ, ಹಬ್ಬು ತಾನಾಗಿ ಬಿಚ್ಚಿಕೊಂಡು ಗಾಡಿಯ ಹೊಟ್ಟೆಯೊಳಗೆ ಬಿತ್ತು.

ಚಕ್ ಬಿಚ್ಚುವಾಗ ಅದರ ಬಾಯೊಳಗಿಂದ ಒಂದು ಸಣ್ಣ ಸ್ಕ್ರೂ ತೆಗೆದಿದ್ದೆ, ಉಲ್ಟಾ ಥ್ರೆಡ್ಡಿನದು. ಇದೇನು ಕರ್ಮ ಎಂದು ಡಬ್ಬಿಗೆ ಎಸೆದಿದ್ದೆ. ಡ್ರಿಲ್ಲನ್ನು ಹಿಂದಕ್ಕೆ ತಿರುಗಿಸಿದಾಗ ಚಕ್ ಉದುರದಂತೆ ಹಿಡಿದಿರುವುದೇ ಆ ಸ್ಕ್ರೂ. ಮೂರು ಡಬ್ಬಿ ನೆಲಕ್ಕೆ ಸುರಿದು ಹುಡುಕಿದೆ. ಸಿಕ್ಕಿತು. ಹಬ್ಬಿನ ನಡುವೆ ಅದು ಕೂರುವಂತೆ ಮತ್ತೆ ಲೇತಿಗೆ ಕೊಟ್ಟೆ. ಅಂದಿನಿಂದ ಇವತ್ತಿನವರೆಗೆ ಅಲುಗಿಲ್ಲ.

ಶಾಫ್ಟಿಗೆ ಹಾಳಾದ ಪ್ರಿಂಟರಿನ 8 ಮಿಲಿಮೀಟರ್ ಸರಳು. ಬೇರಿಂಗಿಗೆ ಅಳೆದಂತೆ ಕೂರುತ್ತದೆ. ಆದರೆ ತುದಿಗಳನ್ನು ಡ್ರೈವ್ ಶಾಫ್ಟಿಗೆ ಹೊಂದುವಂತೆ 5 ಮಿಲಿಮೀಟರಿಗೆ ಇಳಿಸಬೇಕು, ಆ ಸರಳೋ ಕಬ್ಬಿಣದ ಕಡಲೆ. ಲೇತ್‌ನವರ ಟೂಲ್ ಮೊಂಡಾಯಿತು. "ಇನ್ನೊಂದ್ಸಲ ಈ ಥರದ್ದು ತಂದ್ರೆ ಒಳಗೆ ಬಿಡಲ್ಲ ಸಾರ್" ಅಂದರು. ಎಲ್ಲ ಸೇರಿ 700 ತೆಗೆದುಕೊಂಡರು, ಟೀ ನಾನೇ ಕೊಡಿಸಿದೆ. ಗೇರನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಗ್ರಬ್ ಸ್ಕ್ರೂ ಕೂಡ ಈ ಸರಳಿನ ಮೇಲೆ ಜಾರುತ್ತದೆ, ಗ್ರೈಂಡರಿನಲ್ಲಿ ಒಂದು ಚಪ್ಪಟೆ ಮಾಡಿಕೊಳ್ಳಲೇಬೇಕು.

ಆಕ್ಸಲ್ ಜೋಡಿ 2,600ಕ್ಕೆ ಸಿಕ್ಕಿತು, ಸೆಕೆಂಡ್ ಹ್ಯಾಂಡ್. ಅಷ್ಟು ಅಗ್ಗ ಯಾಕೆ ಎಂದು ಆಮೇಲೆ ಗೊತ್ತಾಯಿತು. ಮುಂದಿನದು ಒಂದು ಗಾಡಿಯದು, ಹಿಂದಿನದು ಬೇರೆ ಯಾವುದೋ ಗಾಡಿಯದು. ಜೋಡಿಸಿ ಮೊದಲ ಸಲ ಸ್ಟಿಕ್ ತಳ್ಳಿದಾಗ ಮುಂದಿನ ಚಕ್ರ ಮುಂದಕ್ಕೆ, ಹಿಂದಿನ ಚಕ್ರ ಹಿಂದಕ್ಕೆ! ಗಾಡಿ ನಿಂತಲ್ಲೇ ಗಡಗಡ ನಡುಗಿತು. ಮಗಳು ಬಿದ್ದು ಬಿದ್ದು ನಕ್ಕಳು. ಹಿಂದಿನದರ ರಿಂಗ್ ಗೇರು (ಆಕ್ಸಲ್ ಒಳಗಿನ ದೊಡ್ಡ ಗೇರು) ಎದುರು ಮಗ್ಗುಲಲ್ಲಿತ್ತು. ಆಕ್ಸಲ್ಲನ್ನೇ ತಲೆಕೆಳಗೆ ಮಾಡಿ, ಲಿಂಕ್ ಕೂರುವ ಕಿವಿಗಳನ್ನು ಅಲ್ಯೂಮಿನಿಯಂ ಆಂಗಲ್ಲಿನಲ್ಲಿ ಹೊಸದಾಗಿ ಮಾಡಿ ಸರಿಪಡಿಸಿದೆ.

ಹಲ್ಲು ಎಣಿಸಿದಾಗ ಇನ್ನೊಂದು ಸಂಗತಿ ಕಂಡಿತು. ಮುಂದಿನ ರಿಂಗ್ ಗೇರಿಗೆ 38 ಹಲ್ಲು, ಹಿಂದಿನದಕ್ಕೆ 43, ಅವನ್ನು ತಿರುಗಿಸುವ ಚಿಕ್ಕ ಗೇರಿಗೆ ಎರಡರಲ್ಲೂ 13. ಅಂದರೆ ಮುಂದಿನ ಚಕ್ರ ಹಿಂದಿನದಕ್ಕಿಂತ 13 ಪರ್ಸೆಂಟ್ ಜೋರು. ಮಾರಿದವನಿಗೆ ಇದು ದೋಷ. ಬಂಡೆ ಹತ್ತುವವನಿಗೆ ಇದು ಬೋನಸ್ಸು. ಮುಂಭಾಗ ಎಳೆಯುತ್ತಾ ಹೋಗುತ್ತದೆ, ತಿರುವಿನಲ್ಲಿ ಮೂತಿ ಒಳಕ್ಕೆ ಬರುತ್ತದೆ. ದುಡ್ಡು ಕೊಟ್ಟು ಬೇರೆ ಗೇರು ತರಿಸಿ ಇದನ್ನೇ ಮಾಡಿಸಿಕೊಳ್ಳುವವರಿದ್ದಾರೆ. ಸಿಮೆಂಟ್ ಕಣದ ಮೇಲೆ ಮಾತ್ರ ಓಡಿಸಬೇಡಿ. ಚಕ್ರಗಳು ಒಂದಕ್ಕೊಂದು ಜಗ್ಗಾಡಿ ಟಪ್ ಟಪ್ ಎಂದು ಹಾರುತ್ತವೆ.

ಕರೆಂಟಿನ ಕಡೆ ಬರೋಣ. ರಿಮೋಟ್ ಹಳೇ ಫ್ಲೈಸ್ಕೈ ಐ6, ಹಿಂದೆ ವಿಮಾನ ಹಾರಿಸಲು ಹೋಗಿ ಸಿಲ್ವರ್ ಓಕ್ ಮರಕ್ಕೆ ಕೊಟ್ಟ ಕಾಲದ್ದು. ಅದರ ಎಡ ಸ್ಟಿಕ್ ಬಿಟ್ಟಲ್ಲೇ ನಿಲ್ಲುತ್ತದೆ, ನಡುವಿಗೆ ಬರುವುದಿಲ್ಲ. ಮೋಟರಿನ ವೇಗ ಏರಿಳಿಸುವ ಬೋರ್ಡಾದ ಇಎಸ್‌ಸಿಯನ್ನು 2ನೇ ಚಾನೆಲ್‌ಗೆ ಹಾಕಿ, ಸ್ಟೇರಿಂಗೂ ಓಟವೂ ಬಲಗೈಯಲ್ಲೇ ಇಟ್ಟುಕೊಂಡೆ. ಮೂರು ದಿನದಲ್ಲಿ ರೂಢಿಯಾಯಿತು. ಇಎಸ್‌ಸಿ ಎಲ್ಲರೂ ಬಯ್ಯುವ ಆ "320 ಆಂಪ್" ಚೈನಾ ಮಾಲು. 320 ಎಂಬುದು ಬರೀ ಸ್ಟಿಕ್ಕರ್, ಅಷ್ಟು ಕರೆಂಟು ಅದು ತಡೆಯುವುದಿಲ್ಲ. ನನ್ನ ಗಾಡಿಯಲ್ಲಿ ಅದು ಬದುಕಿರುವುದಕ್ಕೆ ಕಾರಣ ಡ್ರಿಲ್ಲಿನ ಕ್ಲಚ್. ನಂಬರಿರುವ ಆ ರಿಂಗನ್ನು ನಾನು ತೆಗೆದಿಲ್ಲ. ಚಕ್ರ ಬಿರುಕಿಗೆ ಸಿಕ್ಕಿಕೊಂಡರೆ ಕಟಕಟ ಎಂದು ಜಾರುತ್ತದೆ. ಗೇರೂ ಉಳಿಯಿತು, ಮೋಟರೂ ಉಳಿಯಿತು. ಎಷ್ಟನೇ ನಂಬರಿಗೆ ಇಟ್ಟಿದ್ದೇನೆ ಎಂದು ಕೇಳಬೇಡಿ, ನಿಮ್ಮ ಗಾಡಿಯ ತೂಕಕ್ಕೆ ನೀವೇ ಕಂಡುಕೊಳ್ಳಿ.

ಬ್ಯಾಟರಿಗೆ ಹಳೇ ಲ್ಯಾಪ್‌ಟಾಪಿನ 18650 ಸೆಲ್ ಮೂರು ಜೋಡಿಸಿದ್ದೆ. ಮೀಟರಿನಲ್ಲಿ 12.4 ತೋರಿಸುತ್ತದೆ, ಏರು ಬಂತೋ ಸತ್ತೆ ಅನ್ನುತ್ತದೆ. ಅವು ಲ್ಯಾಪ್‌ಟಾಪಿಗೆ ನಿಧಾನಕ್ಕೆ ಕೊಟ್ಟು ರೂಢಿಯಾದ ಸೆಲ್ಲುಗಳು, ಒಂದೇ ಸಲಕ್ಕೆ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಪವರ್ ಟೂಲ್‌ಗೆ ಬಳಸುವ ಹೈ ಡಿಸ್ಚಾರ್ಜ್ ಸೆಲ್ ಮೂರು, ಒಂದಕ್ಕೆ 180ರಂತೆ ತಂದೆ. ನೋಡುವುದಕ್ಕೆ ಹಾಗೇ, ನಡತೆ ಬೇರೆ. ಒಂದು ಚಾರ್ಜಿಗೆ 40 ನಿಮಿಷ ಬರುತ್ತದೆ, ಬಂಡೆಯಲ್ಲಾದರೆ ಅರ್ಧ ಗಂಟೆ.

ಸ್ಟೇರಿಂಗ್ ತಿರುಗಿಸುವ ಮೋಟರಾದ ಸರ್ವೊದಲ್ಲಿ ಜಿಪುಣತನ ಮಾಡಿದ್ದು ನನ್ನ ದೊಡ್ಡ ತಪ್ಪು. ಎಂಜಿ996ಆರ್ ಹಾಕಿದ್ದೆ, 380 ರೂಪಾಯಿ. ಕಲ್ಲಿನ ನಡುವೆ ಚಕ್ರ ತಿರುಗಿಸಲು ಹೋದಾಗೆಲ್ಲ ರಿಸೀವರಿನ ದೀಪ ಆರಿ ಹತ್ತುತ್ತಿತ್ತು, ಗಾಡಿ ಮಂಕಾಗಿ ನಿಲ್ಲುತ್ತಿತ್ತು. ವಾರಗಟ್ಟಲೆ ರಿಮೋಟಿಗೆ ಬೈದೆ. ಅದರ ತಪ್ಪೇನೂ ಇರಲಿಲ್ಲ. ಸಿಕ್ಕಿಕೊಂಡ ಸರ್ವೊ ಎರಡೂವರೆ ಆಂಪ್ ಎಳೆದರೆ ಇಎಸ್‌ಸಿಯ ಒಳಗಿನ ಬಿಇಸಿ (ರಿಸೀವರಿಗೂ ಸರ್ವೊಗೂ ಕರೆಂಟು ಕೊಡುವ ಭಾಗ) ಪಾಪ ಏನು ಮಾಡೀತು? ಎಕ್ಸ್‌ಎಲ್4015 ಎಂಬ ವೋಲ್ಟೇಜ್ ಇಳಿಸುವ ಮಾಡ್ಯೂಲ್ ಒಂದನ್ನು 6 ವೋಲ್ಟಿಗೆ ಇಟ್ಟು ಸರ್ವೊಗೇ ಬೇರೆ ಕರೆಂಟು ಕೊಟ್ಟೆ, ಗ್ರೌಂಡ್ (ನೆಗೆಟಿವ್) ವೈರ್ ಮಾತ್ರ ಒಂದೇ. 130 ರೂಪಾಯಿಯಲ್ಲಿ ರೋಗ ವಾಸಿ. ಮರುವಾರ ಸರ್ವೊದ ಹಲ್ಲೇ ಮುರಿಯಿತು, ಅದು ಬೇರೆ ಮಾತು. ಈಗಿರುವುದು 20 ಕೆಜಿ ಬಲದ ಸರ್ವೊ, 1,150. ಮೊದಲೇ ತಂದಿದ್ದರೆ ಉಳಿಯುತ್ತಿತ್ತು.

ಟಯರ್, ರಿಮ್ ಸೇರಿ 2,200. ಒಳಗಿನ ಫೋಮಿಗೆ ಸೋಫಾ ಅಂಗಡಿಯ ಸ್ಪಂಜು ತುಂಬಿದ್ದೆ. ಆಷಾಢದ ಮಳೆಯಲ್ಲಿ ಅದು ನೀರು ಕುಡಿದು ಕುಡಿದು ಒಂದೊಂದು ಚಕ್ರ ಒಂದೊಂದು ಒದ್ದೆ ಬಟ್ಟೆಯ ಗಂಟಾಯಿತು, ಎರಡು ದಿನ ಆರಲಿಲ್ಲ. ಈಗ ಯೋಗ ಮ್ಯಾಟ್ ಕತ್ತರಿಸಿ ಹಾಕಿದ್ದೇನೆ, ನೀರು ಹಿಡಿಯುವುದಿಲ್ಲ. ರಬ್ಬರ್ ಮೆತ್ತಗಾಗಲು ಟಯರನ್ನು ಒಂದರಲ್ಲಿ ಎರಡು ರಾತ್ರಿ ನೆನೆಸುತ್ತೇನೆ. ಯಾವುದರಲ್ಲಿ ಎಂದು ಹೇಳುವುದಿಲ್ಲ. ಗೆಳೆಯ ಬಾಳೆಕಾಯಿ ಬಜ್ಜಿ ಕೊಡಿಸಿ ಕೇಳಿದ, ಅವನಿಗೂ ಹೇಳಿಲ್ಲ. ಪೆಟ್ರೋಲ್ ಅಲ್ಲ, ಅಷ್ಟು ಹೇಳಬಲ್ಲೆ.

ಅವನ ಗಾಡಿ ಬಿದ್ದಿದ್ದು, ನನ್ನದು ನಿಂತಿದ್ದು ತೂಕದಿಂದ. ಟಯರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸ್ ಮಾಡಿ ಕಿತ್ತುಹಾಕಿದ ಸೀಸದ ತುಂಡುಗಳು ಬಕೆಟ್‌ಗಟ್ಟಲೆ ಇರುತ್ತವೆ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಮುಂದಿನ ರಿಮ್ ಒಂದೊಂದಕ್ಕೆ ನೂರಿಪ್ಪತ್ತು ಗ್ರಾಂ ಸುತ್ತಿದ್ದೇನೆ, ಹಿಂದಕ್ಕೆ ಏನೂ ಇಲ್ಲ. ಡ್ರಿಲ್ಲಿನ ಮೋಟರ್ ಬಾನೆಟ್ಟಿನ ಕೆಳಗೆ ಬರುವಂತೆ ಮುಂದಕ್ಕೆ ತಳ್ಳಿ, ಬ್ಯಾಟರಿಯನ್ನು ಅದರ ಪಕ್ಕ ಆದಷ್ಟು ತಗ್ಗಿನಲ್ಲಿ ಮಲಗಿಸಿದ್ದೇನೆ. ಗಾಡಿ ಒಟ್ಟು ಮೂರು ಕೆಜಿ ಆಸುಪಾಸು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಮುಂದಿನ ಚಕ್ರ ಮಾತ್ರ ಇಟ್ಟು ತೂಗಿದರೆ 1.9 ಬಂತು. ಮೊದಲ ಬಾಡಿ ಎಣ್ಣೆ ಡಬ್ಬಿಯ ತಗಡಿನಲ್ಲಿ ಮಾಡಿದ್ದೆ, ತೋಟದ ಹಳೇ ಜೀಪಿನ ಹಾಗೆ, ನೋಡಲು ಭಾರೀ ಚೆಂದ. ಓರೆ ಜಾಗಕ್ಕೆ ಹೋದರೆ ಸಾಕು ಪಲ್ಟಿ. ಕಣ್ಣೀರು ಹಾಕಿಕೊಂಡೇ ಅದನ್ನು ಶೋಕೇಸಿಗಿಟ್ಟು, ಹಗುರವಾದ ಫೋಮ್ ಹಾಳೆ ಅಂದರೆ 3 ಮಿಲಿಮೀಟರಿನ ಸನ್‌ಬೋರ್ಡಿನಲ್ಲಿ ಇನ್ನೊಂದು ಮಾಡಿದೆ.

ಜೀಪು ಅಂದಾಗ ನೆನಪಾಯಿತು. ನಮ್ಮ ಕಡೆ ಮಳೆಗಾಲದಲ್ಲಿ ತೋಟದ ಜೀಪುಗಳ ಟಯರಿಗೆ ಚೈನ್ ಸುತ್ತುತ್ತಾರಲ್ಲ, ಅದನ್ನೂ ಮಾಡಿ ನೋಡಿದೆ. ಫ್ಯಾನ್ಸಿ ಸ್ಟೋರಿನಿಂದ ರೋಲ್ಡ್ ಗೋಲ್ಡ್ ಸರ ನಾಲ್ಕು ತಂದೆ. ಅಂಗಡಿಯವರು ಯಾರಿಗೆ ಎಂದು ಕೇಳಿದರು, ಗಾಡಿಗೆ ಅಂದರೆ ನಂಬಲಿಲ್ಲ. ಕೆಸರಿನಲ್ಲಿ ಅದ್ಭುತ, ಟ್ರ್ಯಾಕ್ಟರ್ ಥರ ಕಿತ್ತುಕೊಂಡು ಹೋಯಿತು. ಒಣ ಬಂಡೆಯ ಮೇಲೆ ಐಸಿನ ಮೇಲೆ ಬಿಟ್ಟ ಹಾಗೆ ಜಾರಿತು. ಈಗ ಮಳೆಗಾಲದಲ್ಲಿ ಮಾತ್ರ ಹಾಕುತ್ತೇನೆ. ಆಗ ರಿಸೀವರಿಗೆ ಒಂದು ಬಲೂನ್ ತೊಡಿಸಿ ಬಾಯಿಗೆ ಕೇಬಲ್ ಟೈ ಬಿಗಿಯುತ್ತೇನೆ. ಗಾಡಿಗೆ ನೀರಿನ ತೊಂದರೆ ಇಲ್ಲ, ಕಾಲಿಗೆ ಹತ್ತುವ ಉಂಬಳದ್ದೇ ತೊಂದರೆ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ, ಈಗ ಗಾಡಿಯ ಮೈಮೇಲಿರುವುದು 11 ಸಾವಿರದ ಹತ್ತಿರ. ಮುರಿದದ್ದು, ಸುಟ್ಟದ್ದು, ಗಲ್ಲಾ ಪೆಟ್ಟಿಗೆಯಲ್ಲಿ ಕೂತದ್ದು ಬೇರೆ ಮೂರೂವರೆ ಸಾವಿರ. ಮನೆಯಲ್ಲಿ ಆರು ಎಂದು ಹೇಳಿದ್ದೇನೆ. ರಿಮೋಟ್ ಇಲ್ಲದವರು ಅದನ್ನೂ ಸೇರಿಸಿಕೊಳ್ಳಿ.

ಆ ಬಂಡೆಯ ಕಡಿದಾದ ಜಾಗವನ್ನು ಮೊಬೈಲಿನಲ್ಲಿ ಅಳೆದಾಗ 40 ಡಿಗ್ರಿ ದಾಟಿತ್ತು. ಗೆಳೆಯ ಎರಡನೇ ಸಲವೂ ಅಳೆದ, ಮೊಬೈಲ್ ಬದಲಿಸಿ ಅಳೆದ. ಸಂಜೆ ಬೆಂಗಳೂರಿಗೆ ಹೊರಡುವಾಗ ಚಿಕ್ಕಮಗಳೂರಿನ ಆ ಗುಜರಿ ಅಂಗಡಿಯ ದಾರಿ ಕೇಳಿಕೊಂಡು ಹೋದ. ಹೋದ ವಾರ ನಾನು ಇನ್ನೊಂದು ಡ್ರಿಲ್ ಕೇಳಲು ಹೋದರೆ ಗುಜರಿಯವನು 700 ಅನ್ನುತ್ತಾನೆ.